ಕಂಪನಿ ಸಾಫ್ಟ್‌ವೇರ್‌ನಿಂದ ಮುಕ್ತ ತಂತ್ರಾಂಶಕ್ಕೆ: ನೂರು ಹಾಸಿಗೆಯ ಆಸ್ಪತ್ರೆಯ ದಾಖಲೆ ಸಾಗಿಸಿದ ಬಗೆ

ಒಪಿಡಿ ಕೌಂಟರಿನಲ್ಲಿ ಹೆಸರು, ವಯಸ್ಸು, ಊರು ತುಂಬಿ ಸೇವ್ ಒತ್ತಿದರೆ ಕೆಂಪು ಅಕ್ಷರದ ಸಂದೇಶ ಬರುತ್ತಿತ್ತು. ಹಳೆಯ ರೋಗಿಯ ದಾಖಲೆ ತೆರೆಯುತ್ತಿತ್ತು, ಹೊಸಬರದು ಮಾತ್ರ ಸೇರುತ್ತಿರಲಿಲ್ಲ. ತಾಲ್ಲೂಕು ಕೇಂದ್ರದ ನೂರು ಹಾಸಿಗೆಯ ಸಾರ್ವಜನಿಕ ಆಸ್ಪತ್ರೆ ಅದು. ಎಂಟು ವರ್ಷಗಳಿಂದ ಅಲ್ಲಿ ಒಂದು ಕಂಪನಿಯ ಸಾಫ್ಟ್‌ವೇರ್ ನಡೆಯುತ್ತಿತ್ತು. ಸರ್ವರ್ ತೆರೆದು ನೋಡಿದಾಗ ಕಾರಣ ಸಿಕ್ಕಿತು: ಕಂಪನಿಯವರು ಹಾಕಿದ್ದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ. ಅಲ್ಲಿದ್ದ ಆವೃತ್ತಿಯಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ. ಸ್ಕ್ಯಾನ್ ಮಾಡಿದ ಕೇಸ್ ಶೀಟುಗಳನ್ನು ಬೇರೆ ಫೋಲ್ಡರಿನಲ್ಲಿಡದೆ ಡೇಟಾಬೇಸಿನೊಳಗೇ ತುಂಬಿದ್ದರಿಂದ ಮಿತಿ ಬೇಗ ಮುಟ್ಟಿತ್ತು. ಹಾರ್ಡ್ ಡಿಸ್ಕಿನಲ್ಲಿ ಜಾಗ ಧಾರಾಳವಾಗಿತ್ತು, ಆದರೂ ಬರೆಯಲು ಬರುವುದಿಲ್ಲ.

ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಮುಗಿದಿತ್ತು. ಕಂಪನಿಯಿಂದ ಬಂದ ಉತ್ತರ ಒಂದೇ: ಹೊಸ ಆವೃತ್ತಿ ಕೊಳ್ಳಿ. ನಮ್ಮ ದಾಖಲೆಗಳನ್ನು ನಮಗೆ ತೆಗೆದುಕೊಡಿ ಎಂದರೆ ಅದಕ್ಕೂ ಪ್ರತ್ಯೇಕ ಶುಲ್ಕ. ಡೇಟಾಬೇಸಿನ ಪಾಸ್‌ವರ್ಡ್ ಅವರ ಬಳಿ, ಸಾಫ್ಟ್‌ವೇರ್ ತೆರೆಯಬೇಕಾದರೆ ಸರ್ವರ್‌ನ ಹಿಂಬದಿಗೆ ಚುಚ್ಚಿದ ಡಾಂಗಲ್ (ಪರವಾನಗಿ ಗುರುತಿಸುವ ಪುಟ್ಟ ಸಾಧನ) ಬೇಕು. ಮುಕ್ತ ತಂತ್ರಾಂಶವೋ (ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ ಬಳಸಬಹುದಾದದ್ದು) ಕಂಪನಿಯದೋ ಎಂಬ ಚರ್ಚೆಯಲ್ಲಿ ಎಲ್ಲರೂ ಮೊದಲು ಕೇಳುವುದು ಪರವಾನಗಿ ಶುಲ್ಕದ ಲೆಕ್ಕ. ದಾಖಲೆ ಸಾಗಿಸುವ ಕೆಲಸಕ್ಕೆ ಕೂತ ನಮ್ಮ ಮಟ್ಟಿಗೆ ಅದು ನಾಲ್ಕನೆಯದೋ ಐದನೆಯದೋ ಪ್ರಶ್ನೆ. ಮೊದಲ ಪ್ರಶ್ನೆ, ರೋಗಿಗಳ ದಾಖಲೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಆಸ್ಪತ್ರೆ ಹೊರತೆಗೆಯಬಲ್ಲದೇ ಎಂಬುದು. ಎರಡನೆಯದು, ತೆಗೆದದ್ದನ್ನು ಓದಿ ಅರ್ಥಮಾಡಿಕೊಳ್ಳುವ ಒಬ್ಬರಾದರೂ ಆಸ್ಪತ್ರೆಯಲ್ಲಿದ್ದಾರೆಯೇ ಎಂಬುದು. ಕೋಡ್ ತೆರೆದಿದ್ದರೆ ಮೊದಲನೆಯದಕ್ಕೆ ಉತ್ತರ ಸಿಗುತ್ತದೆ. ಎರಡನೆಯದನ್ನು ಆಸ್ಪತ್ರೆಯೇ ದುಡಿದು ಗಳಿಸಬೇಕು.

ಏನನ್ನು ಆರಿಸಿದೆವು, ಏಕೆ

ಎನ್‌ಐಸಿಯ ಇ-ಹಾಸ್ಪಿಟಲ್ ಕಣ್ಣೆದುರಿಗೇ ಇತ್ತು. ಅದು ಆಸ್ಪತ್ರೆ ನಿರ್ವಹಣೆಯ ತಂತ್ರಾಂಶ, ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು, ಕ್ಲೌಡಿನಲ್ಲಿ ನಡೆಯುವಂಥದ್ದು, ರಾಜ್ಯದ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ನೆಟ್ ಗಟ್ಟಿಯಾಗಿರುವ ಕಡೆ ಅದನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ಹೆಚ್ಚಿನ ಆಸ್ಪತ್ರೆಗಳಿಗೆ ಬೀಳುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಕೇಬಲ್ ಕಡಿದರೆ ಎರಡು ದಿನ ನೆಟ್ ಇರುವುದಿಲ್ಲ. ಹಾಗಾಗಿ ಆಸ್ಪತ್ರೆಯೊಳಗಿನ ಲ್ಯಾನ್ (ಒಳ ನೆಟ್‌ವರ್ಕ್) ಮೇಲೆಯೇ ನಿಂತು ನಡೆಯುವ ವ್ಯವಸ್ಥೆ ಬೇಕಿತ್ತು. ಆರಿಸಿದ್ದು ಬಹ್ಮನಿ.

ಬಹ್ಮನಿ ಒಂದೇ ತಂತ್ರಾಂಶವಲ್ಲ, ನಾಲ್ಕರ ಜೋಡಣೆ. ರೋಗಿಯ ವೈದ್ಯಕೀಯ ದಾಖಲೆಗೆ ಓಪನ್‌ಎಂಆರ್‌ಎಸ್, ಲ್ಯಾಬಿಗೆ ಓಪನ್‌ಎಲಿಸ್, ಬಿಲ್ಲು ಮತ್ತು ಔಷಧ ದಾಸ್ತಾನಿಗೆ ಓಡೂ, ಎಕ್ಸ್-ರೇ ಚಿತ್ರಗಳಿಗೆ ಡಿಸಿಎಂ4ಚೀ. ಇವುಗಳನ್ನು ಒಟ್ಟುಗೂಡಿಸುವ ಕೆಲಸ ಮೊದಲು ನಡೆದದ್ದು ಛತ್ತೀಸ್‌ಗಢದ ಬಿಲಾಸ್‌ಪುರ ಬಳಿಯ ಗನಿಯಾರಿಯಲ್ಲಿ, ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಗಾಗಿ. ಥಾಟ್‌ವರ್ಕ್ಸ್‌ನ ಎಂಜಿನಿಯರುಗಳು ಕಟ್ಟಿದರು. ಒಳಗಿರುವ ಓಪನ್‌ಎಂಆರ್‌ಎಸ್ ಇನ್ನೂ ಹಳೆಯದು. 2004ರಲ್ಲಿ ಆರಂಭವಾಗಿ ಕೀನ್ಯಾದ ಎಲ್ಡೊರೆಟ್‌ನಲ್ಲಿ ಎಚ್‌ಐವಿ ಚಿಕಿತ್ಸೆಯ ನಡುವೆ ಬೆಳೆಯಿತು. ಕರೆಂಟ್ ಹೋಗುವ, ನೆಟ್ ಇಲ್ಲದ, ಡಾಕ್ಟರು ಕಡಿಮೆ ಇರುವ ಜಾಗಗಳಿಗೆಂದೇ ರೂಪುಗೊಂಡದ್ದು ಅದರ ದೊಡ್ಡ ಗುಣ.

ಒಂದು ಎಚ್ಚರಿಕೆ. ಮುಕ್ತ ಎಂದು ಕರೆಯುವ ಎಲ್ಲವೂ ಪೂರ್ತಿ ಮುಕ್ತವಾಗಿರುವುದಿಲ್ಲ. ಓಡೂ 2015ರಿಂದ ಕಮ್ಯುನಿಟಿ ಮತ್ತು ಎಂಟರ್‌ಪ್ರೈಸ್ ಎಂದು ಎರಡಾಗಿದೆ, ಕೆಲವು ಘಟಕಗಳು ಹಣ ಕೊಟ್ಟವರಿಗೆ ಮಾತ್ರ. ಬಿಲ್ಲು, ಖರೀದಿ, ದಾಸ್ತಾನು ಕಮ್ಯುನಿಟಿಯಲ್ಲೇ ನಡೆಯುತ್ತವೆ. ಪೂರ್ಣ ಲೆಕ್ಕಪತ್ರವನ್ನೂ ಅದರಲ್ಲೇ ಇಡುತ್ತೇವೆ ಎಂದು ಆರೋಗ್ಯ ರಕ್ಷಾ ಸಮಿತಿಗೆ ಮಾತು ಕೊಡುವ ಮುನ್ನ ಯಾವ ಘಟಕ ಯಾವ ಪರವಾನಗಿಯಲ್ಲಿದೆ ಎಂದು ಒಂದೊಂದಾಗಿ ನೋಡಿಕೊಳ್ಳಬೇಕು.

ಸರ್ವರ್ ವಿಷಯ ಬೇಗ ಮುಗಿಸಬಹುದು. 16 ಜಿಬಿ ರ‍್ಯಾಮ್‌ನಲ್ಲಿ ಆರಂಭಿಸಿದೆವು, ಬೆಳಗಿನ ಒಪಿಡಿ ಹೊತ್ತಿಗೆ ಏದುಸಿರು ಬಿಡತೊಡಗಿತು, 32ಕ್ಕೆ ಏರಿಸಿದ ಮೇಲೆ ಸರಿಹೋಯಿತು. ಎಸ್‌ಎಸ್‌ಡಿ ಎರಡು, ಒಂದರ ಪ್ರತಿಬಿಂಬ ಇನ್ನೊಂದು. ಅದೇ ಅಳತೆಯ ಎರಡನೆಯ ಯಂತ್ರ ಬೇರೆ ಕೋಣೆಯಲ್ಲಿ. ಯುಪಿಎಸ್ ಸರ್ವರ್‌ಗಷ್ಟೇ ಸಾಲದು. ಪ್ರತಿ ಮಹಡಿಯ ನೆಟ್‌ವರ್ಕ್ ಸ್ವಿಚ್‌ಗೂ ಬೇಕು. ಜನರೇಟರ್ ಹಿಡಿಯುವ ಅರ್ಧ ನಿಮಿಷದಲ್ಲಿ ಸ್ವಿಚ್ ಆರಿದರೆ ವಾರ್ಡಿನ ಸಿಸ್ಟರ್ ತುಂಬುತ್ತಿದ್ದ ಫಾರಂ ಹೋಗುತ್ತದೆ, ಎರಡು ಸಲ ಹೋದರೆ ಮೂರನೆಯ ಸಲ ಅವರು ತುಂಬುವುದಿಲ್ಲ. ಬಹ್ಮನಿಯ ಹಳೆಯ ಆವೃತ್ತಿಗಳು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ಬಗೆಯಾದ ಸೆಂಟ್‌ಒಎಸ್ ಮೇಲೆ ಕೂರುತ್ತಿದ್ದವು; ಸೆಂಟ್‌ಒಎಸ್ 7ಕ್ಕೆ ಭದ್ರತಾ ತೇಪೆಗಳು ಬರುವುದು 2024ರ ಜೂನ್ 30ಕ್ಕೆ ನಿಂತಿದೆ. ಹೊಸದಾಗಿ ಹಾಕುವವರು ಡಾಕರ್ (ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲದರ ಸಮೇತ ಪೊಟ್ಟಣವಾಗಿ ನಡೆಸುವ ಸಾಧನ) ಆವೃತ್ತಿಯನ್ನೇ ಹಾಕಬೇಕು.

ಹಳೆಯ ದಾಖಲೆ ಹೊರತೆಗೆಯುವುದು

ಮೊದಲು ಕಾಗದ. ಆಡಳಿತ ವೈದ್ಯಾಧಿಕಾರಿಯವರಿಂದ ಲಿಖಿತ ಆದೇಶ, ಕಂಪನಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ, ಹಳೆಯ ಒಪ್ಪಂದದ ಪ್ರತಿ. ದಾಖಲೆ ಆಸ್ಪತ್ರೆಯದು, ಕಾರ್ಯಕ್ರಮ ಕಂಪನಿಯದು ಎಂಬ ಗೆರೆಯನ್ನು ಪತ್ರದಲ್ಲೇ ಎಳೆದೆವು. ಅವರ ಕೋಡನ್ನು ಬಿಚ್ಚುವ ಗೊಡವೆಗೆ ಹೋಗಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ವಿಧಾನ ಸರಳ. ರಾತ್ರಿ ಡೇಟಾಬೇಸ್ ಸೇವೆಯನ್ನು ನಿಲ್ಲಿಸಿ, ಅದರ ಎರಡು ಮೂಲ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಆಡಳಿತ ಹಕ್ಕು ನಮ್ಮದೇ ಆಗಿರುವ ಇನ್ನೊಂದು ಯಂತ್ರದ, 10 ಜಿಬಿ ಮಿತಿಯಿಲ್ಲದ ಎಸ್‌ಕ್ಯೂಎಲ್ ಸರ್ವರ್‌ಗೆ ಜೋಡಿಸುವುದು. ಇಲ್ಲಿ ಎರಡು ಸಂಗತಿ ನೆನಪಿರಲಿ. ಜೋಡಿಸುವ ಯಂತ್ರದ ಆವೃತ್ತಿ ಅದೇ ಆಗಿರಬೇಕು ಅಥವಾ ಹೊಸದಾಗಿರಬೇಕು. ಹೊಸದಕ್ಕೆ ಒಮ್ಮೆ ಜೋಡಿಸಿದ ಫೈಲು ಹಳೆಯ ಆವೃತ್ತಿಗೆ ಮರಳಿ ಹೋಗುವುದಿಲ್ಲ, ಆದ್ದರಿಂದ ಮೂಲ ನಕಲನ್ನು ಮುಟ್ಟದೆ ನಕಲಿನ ನಕಲಿನ ಮೇಲೆ ಕೆಲಸ ಮಾಡಬೇಕು.

ಜೋಡಿಸಿದಾಗ ನೂರಾರು ಕೋಷ್ಟಕಗಳು ಕಂಡವು. ಯಾವುದರಲ್ಲಿ ಏನಿದೆ ಎಂಬ ವಿವರಪಟ್ಟಿ ಇಲ್ಲ, ಹೆಸರುಗಳೂ ಅಕ್ಷರ ಮತ್ತು ಅಂಕಿಗಳ ಒಗಟು. ಇದಕ್ಕೆ ನಾವು ಬಳಸಿದ ಉಪಾಯ ಎಲ್ಲರಿಗೂ ಬರುತ್ತದೆ. ನಕಲಿನ ಮೇಲೆ ಸಾಫ್ಟ್‌ವೇರ್ ನಡೆಸಿ, ಎಲ್ಲ ಕೋಷ್ಟಕಗಳ ಸಾಲುಗಳ ಎಣಿಕೆ ಬರೆದುಕೊಳ್ಳಬೇಕು. ಕಾಲ್ಪನಿಕ ರೋಗಿಯೊಬ್ಬರನ್ನು ನೋಂದಾಯಿಸಿ ಮತ್ತೆ ಎಣಿಸಬೇಕು. ಎಣಿಕೆ ಏರಿದ ಕೋಷ್ಟಕಗಳೇ ನೋಂದಣಿಯವು. ಆಮೇಲೆ ಅದೇ ರೋಗಿಗೆ ಒಂದು ರಕ್ತ ಪರೀಕ್ಷೆ ಬರೆದು ಎಣಿಕೆ, ಒಂದು ಮಾತ್ರೆ ಬರೆದು ಎಣಿಕೆ, ದಾಖಲು ಮಾಡಿ ಎಣಿಕೆ, ಡಿಸ್ಚಾರ್ಜ್ ಮಾಡಿ ಎಣಿಕೆ. ಪ್ರತಿ ಹೆಜ್ಜೆಯಲ್ಲೂ ಒಂದೇ ಕ್ರಿಯೆ ನಡೆಯಬೇಕು, ಎರಡು ಸೇರಿದರೆ ಯಾವುದರಿಂದ ಯಾವುದು ಏರಿತೆಂದು ತಿಳಿಯದು. ಹೀಗೆ ಹನ್ನೊಂದು ದಿನ ಕೂತು ಕೊನೆಗೆ ಬೇಕಾದವು 40ಕ್ಕಿಂತ ಕಡಿಮೆ ಕೋಷ್ಟಕಗಳೆಂದು ತಿಳಿಯಿತು. ಡಿಸ್ಚಾರ್ಜ್ ಸಮ್ಮರಿಗಳು ಆರ್‌ಟಿಎಫ್ ರೂಪದಲ್ಲಿದ್ದವು. ಅವನ್ನು ಲಿಬ್ರೆ ಆಫೀಸಿನಿಂದ ಒಟ್ಟಾಗಿ ಪರಿವರ್ತಿಸಬಹುದು.

ನುಡಿ ಅಕ್ಷರಗಳ ಪೇಚು

ಕರ್ನಾಟಕದ ಹೊರಗಿನವರು ಬರೆದ ಯಾವ ಕೈಪಿಡಿಯಲ್ಲೂ ಈ ಭಾಗ ಸಿಗುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇವೆ. ಹಳೆಯ ವ್ಯವಸ್ಥೆಯಲ್ಲಿ ರೋಗಿಯ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ಇವೆಲ್ಲ ಕನ್ನಡದಲ್ಲಿದ್ದವು. ಆದರೆ ಪ್ರತಿ ಭಾಷೆಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅಲ್ಲ, ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ. ಅಂದರೆ ಡೇಟಾಬೇಸಿಗೆ ಕನ್ನಡ ಗೊತ್ತೇ ಇಲ್ಲ. ಇಂಗ್ಲಿಷಿನ ‘ಪಿ’ ಅಕ್ಷರ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಇರುವ ‘ಎ’ ಇದ್ದರೆ ಪರದೆಯ ಮೇಲೆ ಫಾಂಟು ಅದನ್ನು ‘ಕ’ ಎಂದು ತೋರಿಸುತ್ತದೆ. ಫಾಂಟು ತೆಗೆದರೆ ಉಳಿಯುವುದು ಯುರೋಪಿನ ಅಕ್ಷರಗಳ ಕಲಬೆರಕೆ.

ಮೊದಲ ಅಪಾಯ ರಫ್ತು ಮಾಡುವಾಗಲೇ. ಆ ಕಾಲಂಗಳನ್ನು ವಿಂಡೋಸ್‌ನ 1252 ಕೋಡ್‌ಪೇಜ್ ಎಂದು ಓದಿ, ಬರೆಯುವಾಗ ಯುಟಿಎಫ್-8 ಎಂದು ಬರೆಯಬೇಕು. ಬೇರೆ ಆಯ್ಕೆ ಒತ್ತಿದರೆ ಕೆಲವು ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡುತ್ತವೆ. ಒಮ್ಮೆ ಪ್ರಶ್ನಾರ್ಥಕವಾದದ್ದು ಮತ್ತೆ ಅಕ್ಷರವಾಗುವುದಿಲ್ಲ.

ಎರಡನೆಯದು, ಅಕ್ಷರಕ್ಕೆ ಅಕ್ಷರ ಬದಲಾಯಿಸಿದರೆ ಸಾಕೆಂಬ ಊಹೆ. ನುಡಿಯಲ್ಲಿ ‘ಮ’ ಎಂಬುದಕ್ಕೆ ಸ್ವಂತ ಸಂಕೇತವಿಲ್ಲ. ‘ವ’ದ ಸಂಕೇತಗಳ ಮುಂದೆ ಒಂದು ಕೊಂಬು ಸೇರಿಸಿ ‘ಮ’ ಬರೆಯುತ್ತದೆ, ಕಣ್ಣಿಗೆ ಅದು ಹಾಗೆಯೇ ಕಾಣುವುದರಿಂದ. ಪರಿವರ್ತಕ ಎಡದಿಂದ ಒಂದೊಂದೇ ಸಂಕೇತ ತೆಗೆದುಕೊಂಡು ಹೋದರೆ ಮಂಜುಳ ‘ವುಂಜುಳ’ ಆಗುತ್ತಾಳೆ, ಮನೆ ‘ವುನೆ’ ಆಗುತ್ತದೆ. ಹಳೆಯ ಸರ್ಕಾರಿ ಕಡತಗಳಿಂದ ಎತ್ತಿದ ಪಠ್ಯದಲ್ಲಿ ‘ವುನೆ’ ಕಂಡವರಿಗೆ ಕಾರಣ ಇದೇ. ಪರಿಹಾರ: ಉದ್ದವಾದ ಸರಣಿಗಳನ್ನು ಮೊದಲು ಹೊಂದಿಸಿ, ಆಮೇಲೆ ಚಿಕ್ಕವು. ಮೂರು ಸಂಕೇತದ ‘ಮ’ ಮುಗಿದ ಮೇಲಷ್ಟೇ ಎರಡು ಸಂಕೇತದ ‘ವ’. ‘ಯ’ಕ್ಕೂ ಇಂಥದೇ ಎಚ್ಚರ ಬೇಕು.

ಮೂರನೆಯದು ಅರ್ಕಾವತ್ತು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ಆಚೆ ಬರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಮೊದಲು ಬರಬೇಕು. ಕರಿಬಸಪ್ಪನಿಗೆ ತೊಂದರೆಯಿಲ್ಲ, ಪಾರ್ವತಮ್ಮನಿಗೆ ಇದೆ. ಅರ್ಕಾವತ್ತು ಸಿಕ್ಕಾಗ ಹಿಂದಿನ ಪೂರ್ತಿ ಅಕ್ಷರವನ್ನು, ಅದರ ಒತ್ತು ಗುಣಿತ ಸಮೇತ, ದಾಟಿ ಹಿಂದೆ ಹೋಗಿ ‘ರ್’ ಇಡಬೇಕು.

ನಾಲ್ಕನೆಯದು ಬೆರಕೆ. ಒಂದೇ ಕಾಲಂನಲ್ಲಿ ಕೆಲವರ ಹೆಸರು ಇಂಗ್ಲಿಷಿನಲ್ಲಿ, ಕೆಲವರದು ನುಡಿಯಲ್ಲಿ. ಇಂಗ್ಲಿಷ್ ಹೆಸರನ್ನು ನುಡಿ ಎಂದು ಪರಿವರ್ತಿಸಿದರೆ ಅರ್ಥವಿಲ್ಲದ ಕನ್ನಡ ಹುಟ್ಟುತ್ತದೆ. ಸಾದಾ ಕೀಲಿಮಣೆಯಲ್ಲಿ ಇಲ್ಲದ, 127ಕ್ಕಿಂತ ಮೇಲಿನ ಸಂಕೇತ ಒಂದಾದರೂ ಇದ್ದರೆ ಅದು ನುಡಿ, ಇಲ್ಲದಿದ್ದರೆ ಇಂಗ್ಲಿಷ್ ಎಂದು ಬೇರ್ಪಡಿಸಿದೆವು. ಕನ್ನಡದ ಹೆಸರಿನಲ್ಲಿ ತಲೆಕಟ್ಟೋ ಗುಣಿತವೋ ಬಂದೇ ಬರುವುದರಿಂದ ಈ ನಿಯಮ ತಪ್ಪುವುದು ತೀರ ಅಪರೂಪ.

ಪರಿವರ್ತಿಸಿದ ಮೇಲೆ ಎಲ್ಲ ಹೆಸರುಗಳನ್ನೂ ಯುನಿಕೋಡ್‌ನ ಎನ್‌ಎಫ್‌ಸಿ ಎಂಬ, ಒಂದೇ ಅಕ್ಷರಕ್ಕೆ ಒಂದೇ ಬರಹಕ್ರಮದ ರೂಪಕ್ಕೆ ತಂದು, ಹುಡುಕುವ ಕಾಲಂನಲ್ಲಿ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳನ್ನು ತೆಗೆಯಿರಿ. ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಮೂರು ತುಂಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಕೌಂಟರಿನಲ್ಲಿ ಹುಡುಕಿದರೆ ಸಿಗದೆ ಅದೇ ರೋಗಿಗೆ ಇನ್ನೊಂದು ಸಂಖ್ಯೆ ಹುಟ್ಟುತ್ತದೆ.

ಈ ಇಡೀ ಪರಿವರ್ತಕ ನೂರಿನ್ನೂರು ಸಾಲಿನ ಪೈಥಾನ್. ಬರೆಯಲು ಎರಡು ದಿನ, ಪರೀಕ್ಷಿಸಲು ಮೂರು ವಾರ. ಎಂಆರ್‌ಡಿ (ವೈದ್ಯಕೀಯ ದಾಖಲೆ) ವಿಭಾಗದ ಹಿರಿಯ ಗುಮಾಸ್ತರೊಬ್ಬರು ಸುತ್ತಲಿನ ಊರುಗಳ ಹೆಸರನ್ನೆಲ್ಲ ಬಲ್ಲವರು. ಅವರು ಅಚ್ಚು ಹಾಕಿದ ಪಟ್ಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದು ಯಾವ ಸ್ವಯಂಚಾಲಿತ ಪರೀಕ್ಷೆಗಿಂತಲೂ ಹೆಚ್ಚು ತಪ್ಪು ಹಿಡಿಯಿತು.

ವಯಸ್ಸು, ಊರು, ಮಗು

ಹಳೆಯ ವ್ಯವಸ್ಥೆಯಲ್ಲಿ ಹುಟ್ಟಿದ ದಿನಾಂಕ ಇರಲಿಲ್ಲ, ವಯಸ್ಸು ಎಂಬ ಒಂದು ಅಂಕಿ ಇತ್ತು. 2014ರಲ್ಲಿ 45 ಎಂದು ಬರೆಸಿದವರು ಇಂದಿಗೂ 45. ಓಪನ್‌ಎಂಆರ್‌ಎಸ್ ಹುಟ್ಟಿದ ದಿನಾಂಕ ಕೇಳುತ್ತದೆ, ಜೊತೆಗೆ ಅದು ಅಂದಾಜೋ ಅಲ್ಲವೋ ಎಂದು ಗುರುತಿಸುವ ಸೌಲಭ್ಯವನ್ನೂ ಕೊಡುತ್ತದೆ. ನೋಂದಣಿಯ ವರ್ಷದಿಂದ ವಯಸ್ಸು ಕಳೆದು ಇಸವಿ ಹಿಡಿದು, ಎಲ್ಲರಿಗೂ ‘ಅಂದಾಜು’ ಗುರುತು ಹಾಕಿದೆವು. ಈ ಗುರುತು ಮರೆಯಬಾರದು. ಅದಿಲ್ಲದಿದ್ದರೆ ಊಹಿಸಿದ ದಿನಾಂಕವನ್ನು ಮುಂದೆ ಬರುವವರು ನಿಜವೆಂದು ನಂಬುತ್ತಾರೆ. ಮಕ್ಕಳಿಗೆ ಈ ಲೆಕ್ಕ ಸಲ್ಲದು. ತೂಕ ಮತ್ತು ವಯಸ್ಸಿನ ಮೇಲೆ ಔಷಧದ ಪ್ರಮಾಣ ನಿಲ್ಲುವುದರಿಂದ ಐದು ವರ್ಷದೊಳಗಿನವರ ದಿನಾಂಕವನ್ನು ಖಾಲಿ ಬಿಡಲಾಗದ ಕಡೆ ತಾಯಿ ಕಾರ್ಡ್ ನೋಡಿ ಕೈಯಿಂದ ತುಂಬಿಸಿದೆವು.

ಊರಿನ ಹೆಸರಿಗೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಮೆಟ್ಟಿಲು ಕಟ್ಟಿದೆವು. ಹೊಸಹಳ್ಳಿ, ರಾಂಪುರ, ಬಸಾಪುರ ಎಂಬ ಹೆಸರು ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಕಡೆ ಇರಬಹುದು, ಹೋಬಳಿ ಇಲ್ಲದೆ ಬೇರ್ಪಡಿಸಲಾಗದು. ಡೆಂಗಿ ಯಾವ ಊರಿನಿಂದ ಬರುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಇದರ ಮೇಲೆ ನಿಂತಿದೆ.

ಹೆರಿಗೆ ವಾರ್ಡಿನಲ್ಲಿ ಮಗುವಿಗೆ ಹೆಸರಿಡುವ ಮುನ್ನ ‘ಲಕ್ಷ್ಮಮ್ಮನ ಮಗು’ ಎಂದು ದಾಖಲು. ಆರು ವಾರಕ್ಕೆ ಲಸಿಕೆಗೆ ಬಂದಾಗ ಹೆಸರು ಬಂದಿರುತ್ತದೆ, ಹೊಸ ಸಂಖ್ಯೆ ಸಿಗುತ್ತದೆ, ಹುಟ್ಟುವಾಗಿನ ತೂಕ ಹಳೆಯ ಸಂಖ್ಯೆಯಲ್ಲೇ ಉಳಿಯುತ್ತದೆ. ಹೊಸ ವ್ಯವಸ್ಥೆಯಲ್ಲಿ ತಾಯಿ ಮತ್ತು ಮಗುವಿನ ಸಂಬಂಧವನ್ನು ಹುಟ್ಟಿದ ದಿನವೇ ಜೋಡಿಸುವಂತೆ ಮಾಡಿದೆವು, ಕೌಂಟರಿನಲ್ಲಿ ತಾಯಿಯ ಸಂಖ್ಯೆಯಿಂದ ಮಗು ಸಿಗುತ್ತದೆ. ಒಬ್ಬರದೇ ಎರಡು ದಾಖಲೆ ಎಂದು ಅನುಮಾನ ಬಂದವನ್ನು ಯಂತ್ರ ತಾನಾಗಿ ಸೇರಿಸುವಂತೆ ಬಿಡಲಿಲ್ಲ. ಇಬ್ಬರು ಬೇರೆ ರೋಗಿಗಳನ್ನು ಒಂದು ಮಾಡಿದರೆ ಒಬ್ಬರ ಪೆನಿಸಿಲಿನ್ ಅಲರ್ಜಿ ಕಾಣದೆ ಹೋಗಬಹುದು. ಪಟ್ಟಿ ಯಂತ್ರ ಮಾಡಲಿ, ತೀರ್ಮಾನ ಮನುಷ್ಯರು ಮಾಡಲಿ.

ಪ್ಲೇಟ್‌ಲೆಟ್ಟಿನ ಲಕ್ಷ

ಲ್ಯಾಬಿನ ಹಳೆಯ ಫಲಿತಾಂಶ ತರುವಾಗ ಪರೀಕ್ಷೆಯ ಹೆಸರುಗಳು ಮೊದಲ ತೊಡಕು. ಆರ್‌ಬಿಎಸ್, ಜಿಆರ್‌ಬಿಎಸ್, ರ‍್ಯಾಂಡಮ್ ಶುಗರ್ ಎಂದು ರಕ್ತದ ಸಕ್ಕರೆ ಪರೀಕ್ಷೆಗೆ ಹಲವು ಹೆಸರು. ಇಲ್ಲಿ ಸುಮ್ಮನೆ ಒಂದುಗೂಡಿಸುವಂತಿಲ್ಲ. ಬೆರಳು ಚುಚ್ಚಿ ಗ್ಲುಕೋಮೀಟರ್‌ನಲ್ಲಿ ನೋಡಿದ್ದು ಬೇರೆ, ಸಿರೆಯ ರಕ್ತವನ್ನು ಲ್ಯಾಬಿನಲ್ಲಿ ನೋಡಿದ್ದು ಬೇರೆ. ಪ್ರತಿಯೊಂದಕ್ಕೂ ಲೋಯಿಂಕ್ (ಲ್ಯಾಬ್ ಪರೀಕ್ಷೆಗಳ ಅಂತರರಾಷ್ಟ್ರೀಯ ಪಟ್ಟಿ) ಸಂಕೇತ ಕೊಟ್ಟು ಲ್ಯಾಬ್ ಟೆಕ್ನೀಷಿಯನ್ನರ ಸಹಿ ಪಡೆದೆವು.

ಜೀವಕ್ಕೆ ಕುತ್ತು ತರುವ ತಪ್ಪು ಅಡಗಿದ್ದು ಪ್ಲೇಟ್‌ಲೆಟ್ ಎಣಿಕೆಯಲ್ಲಿ. ಹಳೆಯ ವ್ಯವಸ್ಥೆಯಲ್ಲಿ ಅಳತೆಯ ಮಾನ ಕಡ್ಡಾಯವಿರಲಿಲ್ಲ. ಒಬ್ಬರು 120000 ಎಂದು ಬರೆದಿದ್ದರು, ಒಬ್ಬರು ಸಾವಿರದ ಲೆಕ್ಕದಲ್ಲಿ 120, ಇನ್ನೊಬ್ಬರು ಲಕ್ಷದ ಲೆಕ್ಕದಲ್ಲಿ 1.2. ಮೂರೂ ಒಂದೇ. ಹಾಗೇ ತಂದು ಒಂದೇ ನಕ್ಷೆಯಲ್ಲಿ ಇಟ್ಟರೆ ಡೆಂಗಿ ರೋಗಿಯ ಎಣಿಕೆ ಕುಸಿದು ಬಿದ್ದಂತೆ ಕಾಣುತ್ತದೆ, ಅಥವಾ ನಿಜವಾಗಿ ಕುಸಿದದ್ದು ಕಾಣುವುದೇ ಇಲ್ಲ. 15ಕ್ಕಿಂತ ಕಡಿಮೆ ಇದ್ದು ದಶಮಾಂಶ ಇದ್ದರೆ ಲಕ್ಷ, 1000ಕ್ಕಿಂತ ಹೆಚ್ಚಿದ್ದರೆ ನೇರ ಎಣಿಕೆ ಎಂದು ಹಿಡಿದೆವು. ನಡುವಿನವು ಹೆಚ್ಚಾಗಿ ಸಾವಿರದ ಲೆಕ್ಕ, ಆದರೆ ಎರಡು ಬಗೆಯಾಗಿ ಓದಬಹುದಾದ ಪ್ರತಿಯೊಂದನ್ನೂ ಲ್ಯಾಬ್ ರಿಜಿಸ್ಟರಿನ ಜೊತೆ ತಾಳೆ ನೋಡಿದೆವು, ತಾಳೆಯಾಗದ್ದನ್ನು ತರಲಿಲ್ಲ. ಸಂದೇಹದ ಅಂಕಿ ಇರುವುದಕ್ಕಿಂತ ಖಾಲಿ ಇರುವುದು ರೋಗಿಗೆ ಕ್ಷೇಮ.

ಬಿಲ್ಲುಗಳನ್ನು ತರಲೇ ಇಲ್ಲ. ಔಷಧ ದಾಸ್ತಾನನ್ನೂ ತರಲಿಲ್ಲ, ಒಂದು ಭಾನುವಾರ ಫಾರ್ಮಸಿಯ ಕಪಾಟುಗಳನ್ನು ಎಣಿಸಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಸಮೇತ ಹೊಸದಾಗಿ ತುಂಬಿದೆವು. ಹಳೆಯ ಲೆಕ್ಕಕ್ಕೂ ಕಪಾಟಿಗೂ ತಾಳೆಯಾಗುವ ಔಷಧ ಕೆಲವೇ. ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದು ಇಟ್ಟುಕೊಂಡೆವು. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಪೊಲೀಸ್ ಪ್ರಕರಣಗಳಿಗೆ ಕೋರ್ಟು ಮುಗಿಯುವವರೆಗೂ ಬೇಕು.

ಯಂತ್ರಗಳ ಕೇಬಲ್

ಕೋಡ್ ತೆರೆದಿದ್ದರೂ ಲ್ಯಾಬಿನ ರಕ್ತಪರೀಕ್ಷಾ ಯಂತ್ರ ತೆರೆದಿರುವುದಿಲ್ಲ. ಸೆಲ್ ಕೌಂಟರ್‌ನ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು. ಎಎಸ್‌ಟಿಎಂ ಎಂಬ ಹಳೆಯ ಕ್ರಮದಲ್ಲಿ ಫಲಿತಾಂಶ ಕಳಿಸುತ್ತದೆ: ಯಂತ್ರ ‘ಇದ್ದೀರಾ’ ಎಂದು ಒಂದು ಸಂಕೇತ ಕಳಿಸಬೇಕು, ಕಂಪ್ಯೂಟರ್ ‘ಹೂಂ’ ಎನ್ನಬೇಕು, ಆಮೇಲೆ ತುಂಡು ತುಂಡಾಗಿ ಫಲಿತಾಂಶ, ಪ್ರತಿ ತುಂಡಿನ ಕೊನೆಗೆ ತಾಳೆ ನೋಡಲು ಎರಡಂಕಿಯ ಮೊತ್ತ, ಅದಕ್ಕೂ ‘ಹೂಂ’. ನಮ್ಮ ಕಡೆಯಿಂದ ಉತ್ತರ ತಡವಾದರೆ ಯಂತ್ರ ಸುಮ್ಮನಾಗುತ್ತದೆ. ಮೊದಲ ದಿನ ಏನೂ ಬರದಿದ್ದಾಗ ಎರಡನ್ನು ನೋಡಿ: ಕೇಬಲಿನಲ್ಲಿ 2 ಮತ್ತು 3ನೆಯ ಪಿನ್ನುಗಳ ಅಡ್ಡಜೋಡಣೆ ಬೇಕೇ ಬೇಡವೇ ಎಂಬುದು, ಯಂತ್ರದ ಸೆಟ್ಟಿಂಗಿನಲ್ಲಿರುವ ವೇಗವೂ ನಿಮ್ಮದೂ ಒಂದೆಯೇ ಎಂಬುದು. ಇಲ್ಲಿ 9600 ಇತ್ತು.

ಕೆಲಸ ಮಾಡಿತು ಎಂದು ಸಮಾಧಾನಪಟ್ಟ ಮೇಲೆ ಕರೆಂಟ್ ಹೋಗಿ ಬಂತು, ಫಲಿತಾಂಶ ನಿಂತಿತು. ಯುಎಸ್‌ಬಿ ಪರಿವರ್ತಕಗಳು ಎರಡಿದ್ದವು, ಯಂತ್ರ ಮರುಪ್ರಾರಂಭವಾದಾಗ ಅವುಗಳ ಸಂಖ್ಯೆ ಅದಲು ಬದಲಾಗಿತ್ತು. ಲಿನಕ್ಸ್‌ನಲ್ಲಿ ಕ್ರಮಸಂಖ್ಯೆಯ ಬದಲು ಪರಿವರ್ತಕದ ಗುರುತಿನ ಹೆಸರಿನಿಂದ ಕರೆದರೆ ಈ ತೊಂದರೆ ಇಲ್ಲ. ತೀರ ಅಗ್ಗದ ಪರಿವರ್ತಕಗಳಲ್ಲಿ ಪ್ರತ್ಯೇಕ ಗುರುತು ಇರುವುದಿಲ್ಲ, ಕೊಳ್ಳುವಾಗಲೇ ನೋಡಿ. ರಾಸಾಯನಿಕದ ಒಪ್ಪಂದದ ಮೇಲೆ ಉಚಿತವಾಗಿ ಇಟ್ಟುಹೋದ ಯಂತ್ರವಾದರೆ ಸಂವಹನದ ಕೈಪಿಡಿ ಕೊಡಬೇಕೆಂದು ಆ ಒಪ್ಪಂದದಲ್ಲೇ ಬರೆಸಿಕೊಳ್ಳಿ, ಯಂತ್ರ ಬಂದ ಮೇಲೆ ಕೇಳಿದರೆ ಸಿಗದು.

ಕನ್ನಡದ ಚೀಟಿ ಅಚ್ಚು ಹಾಕುವ 80 ಎಂಎಂ ಥರ್ಮಲ್ ಪ್ರಿಂಟರಿಗೂ ಇದೇ ಪಾಠ. ನಮ್ಮ ಪ್ರಿಂಟರಿನೊಳಗೆ ಕನ್ನಡ ಅಕ್ಷರಗಳಿರಲಿಲ್ಲ. ಚೀಟಿಯನ್ನು ಚಿತ್ರವಾಗಿ ಕಳಿಸಬೇಕು. ಆ ಕಾಗದ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಆದ್ದರಿಂದ ಟೋಕನ್ನಿಗೆ ಸರಿ, ಡಿಸ್ಚಾರ್ಜ್ ಸಮ್ಮರಿಗೆ ಸಾದಾ ಕಾಗದವೇ ಬೇಕು.

ಬದಲಾದ ವಾರ

ಸೋಮವಾರ ಬೇಡ, ಜ್ವರದ ತಿಂಗಳುಗಳು ಬೇಡ. ನೋಂದಣಿ ಮೊದಲು, ಒಂದು ವಾರದ ನಂತರ ಫಾರ್ಮಸಿ, ಆಮೇಲೆ ಲ್ಯಾಬು, ಕೊನೆಗೆ ವಾರ್ಡುಗಳು. ಪ್ರತಿ ಕೌಂಟರಿಗೂ ಮುಂಚೆಯೇ ಅಚ್ಚು ಹಾಕಿದ 200 ಖಾಲಿ ಚೀಟಿ, ಪ್ರತಿಯೊಂದರಲ್ಲೂ ಕಾಯ್ದಿರಿಸಿದ ರೋಗಿ ಸಂಖ್ಯೆ. ಸರ್ವರ್ ನಿಂತರೆ ಕೈಯಲ್ಲಿ ಬರೆದು ಕೊಡುವುದು, ಸರಿಹೋದಾಗ ಅದೇ ಸಂಖ್ಯೆಗೆ ತುಂಬುವುದು. ತರಬೇತಿ ತರಗತಿಯಲ್ಲಿ ಕೂರಿಸಿ ಕಲಿಸಿದ್ದಕ್ಕಿಂತ ಮೂರು ರಾತ್ರಿ ಪಾಳಿ ಸಿಸ್ಟರುಗಳ ಪಕ್ಕ ಕೂತದ್ದು ಫಲ ಕೊಟ್ಟಿತು.

ಬಹ್ಮನಿಯಲ್ಲಿ ಹೊಸಬರಿಗೆ ಅರ್ಥವಾಗದೆ ಉಳಿಯುವ ತೊಂದರೆ ಒಂದಿದೆ. ನಾಲ್ಕು ತಂತ್ರಾಂಶಗಳು ಒಂದಕ್ಕೊಂದು ಆಟಮ್ ಫೀಡ್ (ಹೊಸ ಘಟನೆಗಳನ್ನು ಸಾಲಾಗಿ ಬರೆದಿಡುವ ಪಟ್ಟಿ) ಮೂಲಕ ಸುದ್ದಿ ಮುಟ್ಟಿಸುತ್ತವೆ. ಡಾಕ್ಟರು ಬರೆದ ಮಾತ್ರೆ ಓಪನ್‌ಎಂಆರ್‌ಎಸ್‌ನಿಂದ ಓಡೂಗೆ ಹೋಗುವುದು ಹೀಗೆ. ಓಡೂದಲ್ಲಿ ಇಲ್ಲದ ಮಾತ್ರೆ ಬರೆದರೆ ಆ ಸುದ್ದಿ ವಿಫಲ ಘಟನೆಗಳ ಕೋಷ್ಟಕಕ್ಕೆ ಬೀಳುತ್ತದೆ, ಕೆಲವು ಸಲ ಮರುಪ್ರಯತ್ನವಾಗಿ ಅಲ್ಲೇ ಉಳಿಯುತ್ತದೆ. ಪರದೆಯ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ, ಫಾರ್ಮಸಿ ಕಿಟಕಿಯಲ್ಲಿ ‘ನಿಮ್ಮ ಹೆಸರಲ್ಲಿ ಔಷಧ ಬಂದಿಲ್ಲ’ ಎಂಬ ಮಾತು ಮಾತ್ರ ಕೇಳಿಸುತ್ತದೆ. ಆ ಕೋಷ್ಟಕವನ್ನು ದಿನಕ್ಕೆರಡು ಸಲ ನೋಡುವವರೊಬ್ಬರು ಇರಲೇಬೇಕು. ಮುಕ್ತ ತಂತ್ರಾಂಶಕ್ಕೆ ನಿಜವಾದ ಖರ್ಚು ಇಲ್ಲಿದೆ: ಆಸ್ಪತ್ರೆಯ ಸಂಬಳದಲ್ಲಿರುವ, ಲಿನಕ್ಸ್ ಮತ್ತು ಎಸ್‌ಕ್ಯೂಎಲ್ ಬಲ್ಲ ಒಬ್ಬರು, ಅವರು ರಜೆ ಹೋದರೆ ನೋಡಿಕೊಳ್ಳುವ ಇನ್ನೊಬ್ಬರು. ಈ ಎರಡು ಹುದ್ದೆಗೆ ಹಣವಿಲ್ಲದಿದ್ದರೆ ಬೆಂಬಲ ಕೊಡುವ ಸಂಸ್ಥೆಯನ್ನು ಗೊತ್ತುಮಾಡಿ. ಅದೂ ಆಗದಿದ್ದರೆ ಇ-ಹಾಸ್ಪಿಟಲ್ ಬಳಸುವುದೇ ಸರಿ. ಹುಮ್ಮಸ್ಸಿನಲ್ಲಿ ಆರಂಭಿಸಿ ಒಬ್ಬ ಸ್ವಯಂಸೇವಕ ಹೊರಟುಹೋದಾಗ ನಿಂತುಹೋಗುವ ವ್ಯವಸ್ಥೆಯಿಂದ ರೋಗಿಗಳಿಗೆ ಅನ್ಯಾಯವಾಗುತ್ತದೆ.

ಕೋಡ್ ತೆರೆದಿದ್ದ ಮಾತ್ರಕ್ಕೆ ಅದು ಉಳಿಯುತ್ತದೆ ಎಂದೂ ಇಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಡೆದ ವಿಸ್ಟಾ ಎಂಬ ದಾಖಲೆ ತಂತ್ರಾಂಶ ಯಾರು ಬೇಕಾದರೂ ಪಡೆಯಬಹುದಾದ ಸಾರ್ವಜನಿಕ ಸೊತ್ತು. ಅದನ್ನು ಬದಲಿಸಲು 2018ರಲ್ಲಿ ಸರ್ನರ್ ಕಂಪನಿಯೊಂದಿಗೆ 10 ಶತಕೋಟಿ ಡಾಲರಿನ ಒಪ್ಪಂದವಾಯಿತು, 2020ರಲ್ಲಿ ಮೊದಲ ಆಸ್ಪತ್ರೆಯಲ್ಲಿ ಶುರುವಾಯಿತು, 2023ರ ಏಪ್ರಿಲ್‌ನಲ್ಲಿ ವಿಸ್ತರಣೆಯನ್ನು ತಡೆಹಿಡಿದರು.

ಟೆಂಡರ್ ಬರೆಯುವವರಿಗೆ: ಭಾರತ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿಯ ಪ್ರಕಾರ ಪೂರೈಕೆದಾರರು ಮುಕ್ತ ಆಯ್ಕೆಯನ್ನೂ ಪರಿಗಣಿಸಬೇಕು, ಬಿಟ್ಟರೆ ಕಾರಣ ಕೊಡಬೇಕು. ಕಂಪನಿಯ ಸಾಫ್ಟ್‌ವೇರನ್ನೇ ಕೊಂಡರೂ ಮೂರು ಷರತ್ತು ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಪೂರ್ತಿ ದಾಖಲೆ, ಕೋಷ್ಟಕಗಳ ವಿವರಪಟ್ಟಿ ಸಮೇತ, ತೆರೆದ ರೂಪದಲ್ಲಿ ಆಸ್ಪತ್ರೆಯ ಡಿಸ್ಕಿಗೆ ಬರಬೇಕು. ಡೇಟಾಬೇಸಿನ ಆಡಳಿತ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ ಆಡಳಿತ ವೈದ್ಯಾಧಿಕಾರಿಯವರ ಕಪಾಟಿನಲ್ಲಿರಬೇಕು. ಒಪ್ಪಂದ ಮುಗಿದ ಮೇಲೂ ಓದುವ ಹಕ್ಕು ಉಳಿಯಬೇಕು.

ಬ್ಯಾಕಪ್

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಐದು ಸರ್ವರ್‌ಗಳ ಮೇಲೆ ದಾಳಿಯಾಗಿ ಸುಮಾರು 1.3 ಟಿಬಿ ದಾಖಲೆ ಬೀಗ ಬಿದ್ದಂತಾಯಿತು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದಿದ್ದದ್ದು ಕಾರಣ ಎಂದು ಸರ್ಕಾರ ಸಂಸತ್ತಿಗೆ ಹೇಳಿತು. ತಂತ್ರಾಂಶ ಯಾರದ್ದೇ ಇರಲಿ, ಈ ಅಪಾಯ ಒಂದೇ. ಲ್ಯಾಬ್ ಯಂತ್ರಗಳು, ಕೌಂಟರುಗಳು, ಸರ್ವರ್ ಬೇರೆ ಬೇರೆ ವಿಭಾಗದಲ್ಲಿರಲಿ. ಆಡಳಿತ ಕಚೇರಿಯ ಇಮೇಲ್ ತೆರೆಯುವ ಕಂಪ್ಯೂಟರಿನಿಂದ ಸರ್ವರ್‌ಗೆ ದಾರಿ ಇರಬಾರದು.

ಬಹ್ಮನಿಯ ಬ್ಯಾಕಪ್‌ನಲ್ಲಿ ಒಂದು ಸೂಕ್ಷ್ಮವಿದೆ. ಓಪನ್‌ಎಂಆರ್‌ಎಸ್ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ, ಉಳಿದವು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ. ಒಂದನ್ನು ರಾತ್ರಿ 12ಕ್ಕೆ, ಇನ್ನೊಂದನ್ನು 4ಕ್ಕೆ ತೆಗೆದರೆ ಮರಳಿ ಕೂರಿಸುವಾಗ ಫೀಡಿನ ಗುರುತುಗಳು ಹೊಂದುವುದಿಲ್ಲ. ಓಡೂ ಮುಂದಿದ್ದು ಓಪನ್‌ಎಂಆರ್‌ಎಸ್ ಹಿಂದಿದ್ದರೆ, ಎಲ್ಲಿವರೆಗೆ ಓದಿದ್ದೇನೆ ಎಂದು ಓಡೂ ಬರೆದಿಟ್ಟ ಜಾಗವೇ ಫೀಡಿನಲ್ಲಿ ಇರುವುದಿಲ್ಲ, ಹರಿವು ನಿಲ್ಲುತ್ತದೆ. ಫೀಡ್ ಸೇವೆಗಳನ್ನು ನಿಲ್ಲಿಸಿ, ಎಲ್ಲವನ್ನೂ ಒಟ್ಟಿಗೆ ತೆಗೆದು, ಮತ್ತೆ ಚಾಲೂ ಮಾಡಬೇಕು. ರೋಗಿಗಳ ಚಿತ್ರ ಮತ್ತು ಸ್ಕ್ಯಾನ್ ಕಾಗದಗಳು ಡೇಟಾಬೇಸಿನ ಹೊರಗೆ ಫೋಲ್ಡರುಗಳಲ್ಲಿವೆ, ಅವನ್ನು ಮರೆತವರು ಬಹಳ. ಎರಡು ಡಿಸ್ಕು ವಾರ ಬಿಟ್ಟು ವಾರ ಬದಲಿಸಿ, ಕೇಬಲ್ ಕಳಚಿದ ಡಿಸ್ಕು ಬೀಗದ ಕಪಾಟಿಗೆ.

ಪ್ರತಿ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಕಪಾಟಿನ ಡಿಸ್ಕಿನಿಂದ ಎರಡನೆಯ ಯಂತ್ರದ ಮೇಲೆ ಎಲ್ಲವನ್ನೂ ಕೂರಿಸುತ್ತೇವೆ. ಆಮೇಲೆ ಹತ್ತು ದಾಖಲೆ ತೆರೆದು ನೋಡುವುದು: ಅರ್ಕಾವತ್ತಿರುವ ಒಂದು ಹೆಸರು, ‘ಮ’ದಿಂದ ಆರಂಭವಾಗುವ ಒಂದು, ಎರಡು ಊರಿಗೆ ಒಂದೇ ಹೆಸರಿರುವ ಒಂದು ವಿಳಾಸ, ತಾಯಿಯ ಸಂಖ್ಯೆಯಿಂದ ಹುಡುಕಿದ ಒಂದು ಮಗು, ಅಂದಾಜು ವಯಸ್ಸಿನ ಒಬ್ಬ ಅಜ್ಜ, ಹಳೆಯ ಪ್ಲೇಟ್‌ಲೆಟ್ ಎಣಿಕೆ ಇರುವ ಇಬ್ಬರು, ಆ ದಿನ ಬೆಳಗ್ಗೆ ಬರೆದ ಎರಡು ಔಷಧ ಚೀಟಿ, ಒಂದು ಎಕ್ಸ್-ರೇ. ಬೆಳಗ್ಗೆ ಬರೆದ ಎರಡು ಅಲ್ಲಿ ಇರಬಾರದು, ಬ್ಯಾಕಪ್ ಅದಕ್ಕಿಂತ ಹಿಂದಿನದು. ಇದ್ದರೆ ನೋಡುತ್ತಿರುವುದು ತಪ್ಪು ಯಂತ್ರವನ್ನು. ಉಳಿದ ಎಂಟು ಸರಿಯಿದ್ದರೆ ನೋಡಿದವರಿಬ್ಬರು ರಿಜಿಸ್ಟರಿಗೆ ಸಹಿ ಹಾಕಿ ಡಿಸ್ಕನ್ನು ಕಪಾಟಿಗೆ ಹಿಂತಿರುಗಿಸುತ್ತಾರೆ.